‘ಥರ್ಡ್ ಪರ್ಸನ್’ ಯಾರು? – ಒಂದು ಆಪ್ತಸಲಹೆ ಪ್ರಕರಣ

ಕಾಫಿ ಕೊಯ್ಲು ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಮಡಿಕೇರಿ ತಾಲ್ಲೂಕಿನ ಒಂದು ಹಳ್ಳಿಯಿಂದ ತಾಯಿಯೊಬ್ಬರು ತಮ್ಮ ಹದಿನೇಳು ವರ್ಷದ ಮಗಳನ್ನು ನನ್ನಲ್ಲಿಗೆ ಕರೆತಂದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಇಲ್ಲಿ ಲೀಲಾ ಎಂದು ಕರೆಯುತ್ತೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದಿದ್ದ ಅವಳು ಪಿಯುಸಿಗೆ ಇಂಗ್ಲಿಷ್ ಮಾಧ್ಯಮದ ವಾಣಿಜ್ಯ ವಿಭಾಗ ಸೇರಿದ್ದಳು. ಎರಡು ತಿಂಗಳಿಂದ ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಅವಳಿಗೆ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ. ವೈದ್ಯರು ನೋಡಿ ದೇಹದಲ್ಲಿ ಏನೂ ತೊಂದರೆಯಿಲ್ಲ ಎಂದಿದ್ದರು. “ಉಳಿದ ಪಾಠದಲ್ಲಿ ಚುರುಕು, ಇಂಗ್ಲಿಷ್ ಮಾತ್ರ ತಲೆಗೆ ಹತ್ತುವುದಿಲ್ಲ” ಎಂದು ತಾಯಿ ಹೇಳಿದಾಗ ಲೀಲಾ ತಲೆ ತಗ್ಗಿಸಿಯೇ ಕೂತಿದ್ದಳು.

ಎರಡನೇ ಭೇಟಿಯಲ್ಲಿ ಅವಳು ನಡೆದದ್ದನ್ನು ಹೇಳಿದಳು. ತರಗತಿಯಲ್ಲಿ ಪ್ರತಿಯೊಬ್ಬರೂ ಮನೆಯವರ ಬಗ್ಗೆ ನಾಲ್ಕು ವಾಕ್ಯ ಹೇಳಬೇಕಿತ್ತು. ಅವಳು ಎದ್ದುನಿಂತು “ಮೈ ಫಾದರ್ ಗೋ ಟು ಎಸ್ಟೇಟ್, ಐ ಗೋಸ್ ವಿತ್ ಹಿಮ್” ಎಂದಳು. ಹಿಂದಿನ ಬೆಂಚಿನಿಂದ ಯಾರೋ ‘ಐ ಗೋಸ್’ ಎಂದು ಅಣಕಿಸಿದರು, ತರಗತಿಯೇ ನಕ್ಕಿತು. ಅಂದಿನಿಂದ ಅವಳು ಇಂಗ್ಲಿಷಿನಲ್ಲಿ ಬಾಯಿ ತೆರೆದಿರಲಿಲ್ಲ. ಮಾತನಾಡಬೇಕಾದೀತು ಎಂಬ ಭಯವೇ ಬೆಳಗಿನ ಹೊಟ್ಟೆನೋವಾಗಿ ಬರುತ್ತಿತ್ತು.

ಅವಳ ಅನುಮತಿ ಪಡೆದು ಇಂಗ್ಲಿಷ್ ನೋಟ್‌ಬುಕ್ಕನ್ನು ತರಿಸಿಕೊಂಡೆ. ಅದರಲ್ಲಿ ನಾನು ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಪ್ರಕರಣದ ಗಂಟು ಬಿಚ್ಚಿದ್ದು ಅಲ್ಲಿ. ಪುಟದಿಂದ ಪುಟಕ್ಕೆ ‘ಐ ಗೋಸ್’, ‘ಐ ರೀಡ್ಸ್’, ‘ಹಿ ಗೋ’, ‘ಶಿ ರೀಡ್’ ಎಂದೇ ಇತ್ತು. ಪ್ರತಿಯೊಂದರ ಕೆಳಗೂ ಕೆಂಪು ಗೆರೆ. ಮರೆವಿನಿಂದ ಆಗುವ ತಪ್ಪು ಇಷ್ಟು ಶಿಸ್ತಿನಿಂದ ಆಗುವುದಿಲ್ಲ. ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಷ್ಟು ಹಿಂದೆಯೇ ಬಾಯ್ತಪ್ಪಿ ಬರುವ ತಪ್ಪನ್ನೂ ಒಂದು ನಿಯಮಕ್ಕೆ ಕಟ್ಟುಬಿದ್ದು ಮರುಕಳಿಸುವ ತಪ್ಪನ್ನೂ ಬೇರೆ ಮಾಡಿ ನೋಡಬೇಕೆಂದು, ಎರಡನೆಯದು ಕಲಿಯುವವರ ಮನಸ್ಸಿನೊಳಗಿನ ವ್ಯಾಕರಣವನ್ನು ತೋರಿಸುತ್ತದೆಂದು ಬರೆದಿದ್ದರು. ಹಾಗಾಗಿ ‘ಏಕೆ ತಪ್ಪು ಮಾಡಿದೆ’ ಎನ್ನದೆ, “ನೀನು ಯಾವ ನಿಯಮ ಪಾಲಿಸುತ್ತಿದ್ದೀಯ?” ಎಂದು ಕೇಳಿದೆ. ಅವಳು ತಡವರಿಸದೆ ಹೇಳಿದಳು: ಥರ್ಡ್ ಪರ್ಸನ್ ಏಕವಚನಕ್ಕೆ ‘ಎಸ್’ ಸೇರಿಸಬೇಕು.

ನಿಯಮ ಸರಿಯಾಗಿಯೇ ಇತ್ತು. ಥರ್ಡ್ ಪರ್ಸನ್ ಎಂದರೆ ಯಾರು ಎಂದು ಕೇಳಿದಾಗ ಅವಳು ಹೇಳಿದ್ದು: “ನಾನು.” ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು, ಅದು’ ಪ್ರಥಮ ಪುರುಷ. ಇಂಗ್ಲಿಷಿನಲ್ಲಿ ಎಣಿಕೆ ‘ನಾನು’ ಎಂಬಲ್ಲಿಂದ ಆರಂಭವಾಗುತ್ತದೆ: ‘ನಾನು’ ಫಸ್ಟ್, ‘ನೀನು’ ಸೆಕೆಂಡ್, ‘ಅವನು, ಅವಳು, ಅದು’ ಥರ್ಡ್ ಪರ್ಸನ್. ‘ಫಸ್ಟ್’ ಎಂದರೆ ‘ಪ್ರಥಮ’ ಎಂದು ಅರ್ಥಮಾಡಿಕೊಂಡ ಹುಡುಗಿಗೆ ‘ಅವನು’ ಫಸ್ಟ್ ಪರ್ಸನ್ ಆದ, ಎಣಿಸುತ್ತಾ ಬಂದಾಗ ಮೂರನೆಯವಳು ‘ನಾನು’ ಆದಳು. ಕನ್ನಡ ವ್ಯಾಕರಣವನ್ನು ಶ್ರದ್ಧೆಯಿಂದ ಕಲಿತದ್ದರಿಂದಲೇ ಆದ ತಪ್ಪು ಇದು. ಇಷ್ಟು ಕೆಂಪು ಗೆರೆಗಳ ನಡುವೆ ಒಬ್ಬರಾದರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ವಿಷಯ ತಿಳಿದ ಕ್ಷಣ ಲೀಲಾ ಬಿಕ್ಕಿ ಅತ್ತಳು. ತಾನು ದಡ್ಡಿಯಲ್ಲ ಎಂದು ಅವಳಿಗೆ ಮೊದಲ ಬಾರಿ ಗೊತ್ತಾದ ಅಳು ಅದು ಎಂದು ನಾನು ಭಾವಿಸುತ್ತೇನೆ. ಅಂದು ಮುಂದಿನ ಮಾತಿಗೆ ಅವಸರ ಮಾಡಲಿಲ್ಲ.

ನಂತರದ ಭೇಟಿಗಳಲ್ಲಿ ನೀಡಿದ ಸಲಹೆ ಹೀಗಿತ್ತು. ಅವಳ ಮನೆಮಾತು ಅರೆಭಾಷೆ, ಕೊಡಗಿನ ಕಡೆ ಆಡುವ, ಕನ್ನಡಕ್ಕೆ ಹತ್ತಿರದ ನುಡಿ. ಅದನ್ನು ಅವಳು ‘ಸರಿಯಿಲ್ಲದ ಕನ್ನಡ’ ಎಂದು ಸಂಕೋಚದಿಂದ ಹೇಳಿದ್ದಳು. ಆ ಭಾಷೆಗೆ 2011ರಲ್ಲಿ ಸರ್ಕಾರವೇ ಅಕಾಡೆಮಿ ಸ್ಥಾಪಿಸಿದೆ, ಅದು ನಮ್ಮ ಮಡಿಕೇರಿಯಲ್ಲಿದೆ ಎಂದು ನೆನಪಿಸಿದೆ. ಮನೆಯಲ್ಲಿ ಒಂದು ಬಗೆಯ ಕ್ರಿಯಾಪದ ರೂಪ, ಶಾಲೆಯಲ್ಲಿ ಇನ್ನೊಂದು ಬಗೆ, ಎರಡನ್ನೂ ಕಲಸದೆ ಆಡುತ್ತಾ ಬಂದವಳಿಗೆ ಮೂರನೆಯದು ಅಸಾಧ್ಯವಲ್ಲ.

ಅವಳ ಮತ್ತೊಂದು ಬೇರೂರಿದ ತಪ್ಪು ‘ಡಿಡ್ ನಾಟ್ ವೆಂಟ್’. ಇದಕ್ಕೆ ನಿಯಮ ಹೇಳುವ ಬದಲು, “ನೀನು ಯಾವಾಗಲಾದರೂ ‘ಹೋದಲಿಲ್ಲ’ ಎನ್ನುತ್ತೀಯಾ?” ಎಂದೆ. ಅವಳು ನಕ್ಕಳು. ‘ಹೋದೆ’ ಎನ್ನುವವರು ನಿಷೇಧಕ್ಕೆ ಬಂದಾಗ ‘ಹೋಗಲಿಲ್ಲ’ ಎನ್ನುತ್ತೇವೆ. ಭೂತಕಾಲದ ಹೊರೆಯನ್ನು ‘ಲಿಲ್ಲ’ ಹೊತ್ತುಕೊಳ್ಳುತ್ತದೆ, ‘ಹೋಗು’ ತನ್ನ ಮೂಲರೂಪಕ್ಕೆ ಮರಳುತ್ತದೆ. ಇಂಗ್ಲಿಷಿನಲ್ಲಿ ಆ ಹೊರೆ ಹೊರುವುದು ‘ಡಿಡ್’, ಆದ್ದರಿಂದ ‘ವೆಂಟ್’ ಮತ್ತೆ ‘ಗೋ’ ಆಗುತ್ತದೆ.

‘ಗೋ–ವೆಂಟ್–ಗಾನ್’ ಎಂಬಂತಹ ಮೂರು ಸಾಲಿನ ಕ್ರಿಯಾಪದ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಬಾಯಿಪಾಠ ಮಾಡುವುದನ್ನು ನಿಲ್ಲಿಸಲು ಹೇಳಿದೆ. ಕನ್ನಡದಲ್ಲಿ ‘ಮಾಡು’ ಎಂಬುದು ‘ಮಾಡಿದ’ ಆದರೆ ‘ಕೊಡು’ ಎಂಬುದು ‘ಕೊಟ್ಟ’ ಆಗುತ್ತದೆ. ಇಡು, ಬಿಡು, ನೆಡು, ಸುಡು, ಉಡು ಎಲ್ಲವೂ ಅದರ ಬಳಗ. ನಾವು ಇವನ್ನು ಪಟ್ಟಿಯಿಂದ ಕಲಿಯಲಿಲ್ಲ, ಒಂದರ ದನಿಯಿಂದ ಇನ್ನೊಂದನ್ನು ಹಿಡಿದೆವು. ಹಾಗೆಯೇ ಸಿಂಗ್–ಸ್ಯಾಂಗ್, ರಿಂಗ್–ರ‍್ಯಾಂಗ್, ಡ್ರಿಂಕ್–ಡ್ರ್ಯಾಂಕ್ ಒಂದು ಬಳಗ. ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಬೈ–ಬಾಟ್ ಇನ್ನೊಂದು. ಮೊದಲಿಗೆ ಬಿ, ಹ್ಯಾವ್, ಡು, ಸೇ, ಗೆಟ್, ಮೇಕ್, ಗೋ, ನೋ, ಟೇಕ್, ಸೀ ಎಂಬ ಹತ್ತು ಸಾಕು ಎಂದೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಈ ಹತ್ತೂ ಅನಿಯಮಿತ (ಭೂತಕಾಲದಲ್ಲಿ ‘ಎಡ್’ ಸೇರಿಸಿಕೊಳ್ಳದ) ಕ್ರಿಯಾಪದಗಳೇ, ಮತ್ತು ಹೆಚ್ಚು ಬಳಕೆಯಾಗುವುದರಿಂದಲೇ ಅವುಗಳ ಹಳೆಯ ರೂಪಗಳು ಸವೆಯದೆ ಉಳಿದಿವೆ. ಹನ್ನೆರಡು ಕಾಲಗಳ ಚಾರ್ಟನ್ನು ಗೋಡೆಯಿಂದ ತೆಗೆದಿಡಲು ಹೇಳಿದಾಗ ತಾಯಿಗೆ ಸ್ವಲ್ಪ ಆತಂಕವಾಯಿತು, ಆದರೆ ಒಪ್ಪಿದರು.

‘ಎಸ್’ ವಿಷಯದಲ್ಲಿ ನಾನು ಲೀಲಾಗೆ ಒಂದು ಮಾತು ಖಚಿತವಾಗಿ ಹೇಳಿದೆ: ನಿಯಮ ಈಗ ಸ್ಪಷ್ಟವಾಗಿದ್ದರೂ ಮಾತಿನಲ್ಲಿ ಅದು ಬಹಳ ದಿನ ಬಿಟ್ಟುಹೋಗುತ್ತದೆ. 1974ರಲ್ಲಿ ಸಂಶೋಧಕರಾದ ಹೈಡಿ ಡ್ಯುಲೇ ಮತ್ತು ಮರೀನಾ ಬರ್ಟ್, ಸ್ಪ್ಯಾನಿಷ್ ಹಾಗೂ ಚೀನೀ ಮನೆಮಾತಿನ ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಗಮನಿಸಿದಾಗ, ಎರಡೂ ಗುಂಪಿನ ಮಕ್ಕಳಲ್ಲಿ ಈ ‘ಎಸ್’ ತಡವಾಗಿಯೇ ನೆಲೆಗೊಳ್ಳುವುದು ಕಂಡಿತ್ತು. ಆದ್ದರಿಂದ ಬರೆಯುವಾಗ ಮಾತ್ರ ಅದನ್ನು ಮರಳಿ ನೋಡು, ಮಾತನಾಡುವಾಗ ಅದಕ್ಕಾಗಿ ನಿಲ್ಲಬೇಡ ಎಂದೆ.

ಮಾತಿನ ಭಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಕ್ರಮ ಮಾಡಿಕೊಂಡೆವು. ಮೊದಲ ವಾರ ಸಂಜೆ ಒಬ್ಬಳೇ ತೋಟದ ದಾರಿಯಲ್ಲಿ ಆ ದಿನ ನಡೆದ ಐದು ಸಂಗತಿಗಳನ್ನು ಭೂತಕಾಲದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವುದು, ನಂತರ ತಮ್ಮನ ಎದುರು, ನಂತರ ಒಬ್ಬ ಗೆಳತಿಯ ಜೊತೆ, ಕೊನೆಗೆ ತರಗತಿಯಲ್ಲಿ. ಕೊಯ್ಲು ನಡೆಯುತ್ತಿದ್ದುದರಿಂದ ಹೇಳಲು ಸಂಗತಿಗಳಿಗೆ ಕೊರತೆಯಿರಲಿಲ್ಲ: ಹಣ್ಣು ಕೊಯ್ದದ್ದು, ಚೀಲ ಹೊತ್ತದ್ದು, ಕಣದಲ್ಲಿ ಹರಡಿದ್ದು. (ಕೊಯ್ದದ್ದನ್ನು ಅವಳು ‘ಪಿಕ್ಕೆಡ್’ ಎನ್ನುತ್ತಿದ್ದಳು, ಅದು ಕಿವಿಗೆ ‘ಪಿಕ್ಟ್’, ಒಣಗಿಸಿದ್ದು ‘ಡ್ರೈಡ್’, ನೆಟ್ಟದ್ದು ಮಾತ್ರ ‘ಪ್ಲಾಂಟೆಡ್’ ಎಂದು ಕೇಳಿಸಿ ತೋರಿಸಿದೆ.) ಮನೆಯವರು ತಿದ್ದಬಾರದು, ಕೇಳಬೇಕು ಅಷ್ಟೇ ಎಂದು ತಾಯಿಗೆ ಹೇಳಿದೆ. ಲೀಲಾ ಒಪ್ಪಿದ ಮೇಲೆ ಉಪನ್ಯಾಸಕರೊಂದಿಗೂ ಮಾತನಾಡಿದೆ. ‘ಪ್ರಥಮ’ ಮತ್ತು ‘ಫಸ್ಟ್’ ಗೊಂದಲದ ಬಗ್ಗೆ ಕೇಳಿ ಅವರು ಕನ್ನಡ ಮಾಧ್ಯಮದಿಂದ ಬಂದ ಉಳಿದವರ ಪುಸ್ತಕಗಳನ್ನೂ ಮತ್ತೆ ನೋಡುವುದಾಗಿ ಹೇಳಿದರು.

ಫೆಬ್ರುವರಿ ಕೊನೆಯಲ್ಲಿ, ಕೊಯ್ಲು ಮುಗಿದು ಕಾಫಿ ಗಿಡ ಹೂಬಿಡಿಸುವ ಹೂಮಳೆಗೆ ಎಲ್ಲರೂ ಕಾಯುತ್ತಿದ್ದಾಗ, ಐದನೇ ಭೇಟಿ. ಹಿಂದಿನ ತಿಂಗಳಲ್ಲಿ ಹೊಟ್ಟೆನೋವು ಎರಡು ಬಾರಿ ಮಾತ್ರ ಬಂದಿತ್ತು. ತರಗತಿಯಲ್ಲಿ ಒಮ್ಮೆ ಮಾತನಾಡಿದ್ದಳು, ‘ಎಸ್’ ಬಿಟ್ಟುಹೋಗಿತ್ತು, ಯಾರೂ ನಗಲಿಲ್ಲವಂತೆ. ಆ ದಿನ ಅವಳೇ ಒಂದು ಪ್ರಶ್ನೆ ಹೊತ್ತು ತಂದಿದ್ದಳು. ‘ಹಿ ಮಸ್ಟ್’ ಎನ್ನುವಾಗ ‘ಎಸ್’ ಏಕೆ ಬರುವುದಿಲ್ಲ ಎಂದು ಯೋಚಿಸುತ್ತಿದ್ದಳಂತೆ. ನಾನು ಉತ್ತರಿಸುವ ಮೊದಲೇ, “ನಮ್ಮಲ್ಲೂ ‘ನನಗೆ ಬೇಕು, ಅವನಿಗೆ ಬೇಕು, ಅವರಿಗೆ ಬೇಕು’ ಅಂತ ‘ಬೇಕು’ ಬದಲಾಗುವುದೇ ಇಲ್ಲವಲ್ಲ” ಎಂದು ನೋಟ್‌ಬುಕ್ ತೆರೆದು, ‘ಬೇಕು, ಬೇಡ, ಸಾಕು, ಇಲ್ಲ’ ಎಂದು ತಾನೇ ಬರೆದುಕೊಂಡಿದ್ದ ಸಾಲನ್ನು ನನ್ನ ಕಡೆಗೆ ತಿರುಗಿಸಿದಳು.