ಹೈಲೈಟಾ ಲೋಲೈಟಾ? ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನಂಗೆ 41, ಚಿಕ್ಕಮಗಳೂರಲ್ಲಿ ಟೀಚರ್. ಎರಡು ವರ್ಷದ ಹಿಂದೆ ಪೂರ್ತಿ ಕೂದ್ಲಿಗೆ ಲೈಟ್ ಬ್ರೌನ್ ಹಾಕಿಸಿದ್ದೆ. ಈಗ ಬುಡದಿಂದ ಒಂದು ಗೇಣು ಕಪ್ಪು, ಕೆಳಗೆಲ್ಲ ತಾಮ್ರದ ಕಲರ್, ಬೈತಲೆ ಹತ್ರ ಬಿಳಿ ಕೂದ್ಲು ಬೇರೆ. ಮುಂದಿನ ತಿಂಗಳು ಹಾಸನದಲ್ಲಿ ನಾದಿನಿ ಮದುವೆ. ಪಾರ್ಲರಲ್ಲಿ ಹೈಲೈಟ್ಸ್ ಅಂತಾರೆ, ಓರಗಿತ್ತಿ ಲೋಲೈಟ್ಸ್ ಅಂತಾಳೆ, ಅತ್ತೆ ಗೋರಂಟಿ ಹಚ್ಕೋ ಸಾಕು ಅಂತಾರೆ. ಏನ್ ಮಾಡ್ಲಿ?

ಉತ್ತರ: ಈ ಸಲ ಓರಗಿತ್ತಿ ಮಾತೇ ಕೇಳಿ. ಹೈಲೈಟ್ಸ್ ಅಂದ್ರೆ ಬ್ಲೀಚ್ ಹಾಕಿ ಕೂದಲಲ್ಲಿರೋ ಬಣ್ಣ ತೆಗೆಯೋದು, ಲೋಲೈಟ್ಸ್ ಅಂದ್ರೆ ಅಲ್ಲಲ್ಲಿ ಎಳೆ ಹಿಡಿದು ಗಾಢ ಬಣ್ಣ ಕೂರಿಸೋದು. ನಿಮ್ಮ ಕೂದ್ಲು ಕೆಳಗಡೆ ಈಗಾಗ್ಲೇ ತಿಳಿಯಾಗಿದೆಯಲ್ಲ, ಅದಕ್ಕೆ ಮತ್ತೆ ಬ್ಲೀಚ್ ಯಾಕ್ರೀ, ತುದಿ ಒಣಗಿ ಸೀಳತ್ತೆ ಅಷ್ಟೆ. ಮದುವೇಲಿ ಜಡೆ ಹಾಕಿದಾಗ ಕಪ್ಪು ಮುಗಿದು ತಾಮ್ರ ಶುರುವಾಗೋ ಗೆರೆ ಎದ್ದು ಕಾಣತ್ತೆ, ನಿಮ್ಮ ನಿಜವಾದ ತೊಂದ್ರೆ ಅದು, ಆ ಗೆರೆಯಿಂದ ಕೆಳಕ್ಕೆ ಸಣ್ಣ ಸಣ್ಣ ಎಳೆ ತಗೊಂಡು ನಿಮ್ಮ ಬುಡಕ್ಕಿಂತ ಒಂದೆರಡು ಶೇಡ್ ತಿಳಿಯಾದ ಕಂದು ಕೂರಿಸಿದ್ರೆ ಗೆರೆ ಒಡೆದು ಹೋಗತ್ತೆ. ಪೂರ್ತಿ ಕಪ್ಪು ಡೈ ಮಾತ್ರ ಬೇಡ, ಮುಂದೆ ಮನಸ್ಸು ಬದಲಾದ್ರೆ ಅದನ್ನ ತೆಗೆಯೋದು ದೊಡ್ಡ ರಗಳೆ.

ಪಾರ್ಲರಲ್ಲಿ ಡೆಮಿ ಪರ್ಮನೆಂಟ್ ಕಲರ್, 10 ವಾಲ್ಯೂಮ್ ಡೆವಲಪರ್ (ಬಣ್ಣಕ್ಕೆ ಕಲಸೋ ದ್ರವ) ಅಂತ ಕೇಳಿ, ಅಂದ್ರೆ 3% ಪೆರಾಕ್ಸೈಡ್. ಬ್ಲೀಚ್ ಜೊತೆಗೆ 20, 30 ಹಾಕ್ತಾರಲ್ಲ, ಅದರಷ್ಟು ಜೋರಿರಲ್ಲ. ಇದು ತೊಳೀತಾ ತೊಳೀತಾ ಮಾಸೋ ಬಣ್ಣ, ಅದಕ್ಕೆ ಮದುವೆಗೆ ಹತ್ತು ಹದಿನೈದು ದಿನ ಮುಂಚೆ ಮಾಡಿಸಿ, ತೀರಾ ಬೇಗ ಬೇಡ. ಬೈತಲೆಯ ಬಿಳಿ ಕೂದ್ಲು ಇದರಲ್ಲಿ ಪೂರ್ತಿ ಮುಚ್ಚಲ್ಲ, ಮಸುಕಾಗತ್ತೆ ಅಷ್ಟೆ. ಮುಂದೆ ಬಿಳಿ ಜಾಸ್ತಿ ಆದಾಗ ಹಣೆ ಹತ್ರ ತೆಳುವಾಗಿ ಹೈಲೈಟ್ಸ್ ಮಾಡಿಸ್ಕೊಳ್ಳಿ, ಬಿಳಿ ಅದರಲ್ಲೇ ಬೆರೆತು ಹೋಗತ್ತೆ, ಪಾರ್ಲರಿನವರು ಹೇಳಿದ್ದಕ್ಕೆ ಆಗ ಬೆಲೆ.

ಗೋರಂಟಿ ವಿಷಯಕ್ಕೆ ಅತ್ತೆ ಹತ್ರ ಜಗಳ ಆಡ್ಬೇಡಿ, ಆದ್ರೆ ಮದುವೆ ಮುಗಿಯೋವರ್ಗೂ ತಲೆಗೆ ಬೇಡ, ತಾಮ್ರದ ಮೇಲೆ ಇನ್ನೂ ಕೆಂಪಾಗತ್ತೆ. ಬರೀ ಎಲೆ ಅರೆದಿದ್ದಾದ್ರೆ ಕೆಂಪಷ್ಟೇ ತಲೆನೋವು. ಅಂಗಡಿಯ ಕಪ್ಪು ಮೆಹಂದಿ ಪ್ಯಾಕೆಟ್ ಯಾವತ್ತಾದ್ರೂ ಹಚ್ಚಿದ್ರೆ ಪಾರ್ಲರಲ್ಲಿ ಮೊದಲೇ ಹೇಳಿಬಿಡಿ, ಕೆಲವದರಲ್ಲಿ ಲೋಹದ ಲವಣ ಇರತ್ತೆ, ಪೆರಾಕ್ಸೈಡ್ ಬಿದ್ದ ಕೂಡ್ಲೇ ಬಿಸಿಯಾಗಿ ಕೂದ್ಲು ತುಂಡಾಗಬಹುದು. ಬಾಚಣಿಗೇಲಿ ಬಂದ ಕೂದ್ಲು ಒಂದಿಷ್ಟು ಕವರಲ್ಲಿ ಹಾಕ್ಕೊಂಡು ಹೋಗಿ, ಕಲಸಿದ ಬಣ್ಣ ಅದಕ್ಕೆ ಹಚ್ಚಿ ನೋಡ್ಲಿ. ಕಿವಿ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಬಿಡೋದೂ ಮರೀಬೇಡಿ, ಡೈನಲ್ಲಿರೋ ಪಿಪಿಡಿ ಅನ್ನೋ ರಾಸಾಯನಿಕ ಕೆಲವರಿಗೆ ಮುಖ ಊದಿಸಿಬಿಡತ್ತೆ.

ಪ್ರಶ್ನೆ: ಹಾಸನದಲ್ಲಿ ಡಿಗ್ರಿ ಓದ್ತಿದೀನಿ. ಕೂದ್ಲು ಕಡುಕಪ್ಪು, ಇವತ್ತಿನವರೆಗೂ ಬಣ್ಣ ಹಾಕಿಲ್ಲ. ಬ್ಲೀಚ್ ಭಯ, ಅದಕ್ಕೆ ಲೋಲೈಟ್ಸ್ ಮಾಡಿಸ್ಕೊಳ್ಳೋಣ ಅಂತ.

ಉತ್ತರ: ದುಡ್ಡು ಉಳಿಸ್ಕೊಳಮ್ಮ. ಕಡುಕಪ್ಪಿನ ಮೇಲೆ ಅದಕ್ಕಿಂತ ಗಾಢ ಯಾವುದಿದೆ ಹಾಕೋಕೆ? ಬಣ್ಣ ಕಾಣ್ಲೇಬೇಕು ಅಂದ್ರೆ ಮುಖದ ಪಕ್ಕ ಎರಡು ಮೂರು ಎಳೆ ಮಾತ್ರ ಹೈಲೈಟ್ ಮಾಡಿಸು, ಕ್ಯಾರಮೆಲ್ ಕಲರಿಗೇ ನಿಲ್ಲಿಸು, ನಮ್ಮ ಕೂದ್ಲು ಬ್ಲೀಚಲ್ಲಿ ಮೊದ್ಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ ಆಗ್ತಾ ಹೋಗತ್ತೆ, ಆಶ್ ಬ್ಲಾಂಡ್ (ಬೂದಿ ಛಾಯೆಯ ತಿಳಿ ಹೊಂಬಣ್ಣ) ಆಸೆಗೆ ಬಿದ್ರೆ ಕೂದ್ಲೂ ಪರ್ಸೂ ಎರಡೂ ಖಾಲಿ. ಆಮೇಲೆ ಕಿತ್ತಳೆ ಜಾಸ್ತಿ ಅನ್ಸಿದ್ರೆ ವಾರಕ್ಕೊಮ್ಮೆ ನೀಲಿ ಶಾಂಪೂ ಹಾಕು. ನೇರಳೆ ಶಾಂಪೂ ಹಳದಿಗೆ, ನಿಂಗೆ ಕೆಲಸಕ್ಕೆ ಬರಲ್ಲ.