ರ‍್ಯಾಂಕ್ ಪಟ್ಟಿ ಆಮೇಲೆ ನೋಡೋಣ

ಓದುಗರ ಪತ್ರ: ರಾಯಚೂರು ಕೃಷಿ ವಿವಿಯಲ್ಲಿ ಬಿ.ಎಸ್ಸಿ. ಅಗ್ರಿ ಕೊನೇ ವರ್ಷ ಓದುತ್ತಿದ್ದೇನೆ. ಊರು ಕಾರಟಗಿ ಹತ್ತಿರ. ನಮ್ಮದು ಕಾಲುವೆಯ ಕೊನೇ ಭಾಗ. ಹಳ್ಳದ ಕಡೆಯ ಒಂದು ಎಕರೆ ಸವಳಾಗಿ ಭತ್ತವೇ ಏಳುತ್ತಿಲ್ಲ. ಅಂತಾರಾಷ್ಟ್ರೀಯ ಕೃಷಿಯಲ್ಲಿ ಎಂ.ಎಸ್. ಮಾಡಲು ನಂಬರ್ ಒನ್ ಯೂನಿವರ್ಸಿಟಿ ಯಾವುದು? ಹೊಲ ಅಡ ಇಟ್ಟಾದರೂ ಕಳಿಸುತ್ತೇನೆ ಅಂತಾರೆ ಅಪ್ಪ.

ಸಂಪಾದಕರ ಉತ್ತರ: ಕೃಷಿಯ ರ‍್ಯಾಂಕ್ ಪಟ್ಟಿಗಳಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ಸಾಮಾನ್ಯವಾಗಿ ಮೇಲೇ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಅಷ್ಟೇ. ಆದರೆ ನನ್ನ ಕಣ್ಣು ನಿಂತದ್ದು ಆ ಒಂದೆಕರೆ ಸವಳಿನ ಮೇಲೆ.

ತುಂಗಭದ್ರಾ ನೀರು ಬಂತು, ಭತ್ತ ಬಂತು. ಎರೆಮಣ್ಣಲ್ಲಿ ನೀರು ಬೇಗ ಬಸಿಯುವುದಿಲ್ಲ. ನೆಲದೊಳಗಿನ ನೀರು ಮೇಲೇರುತ್ತದೆ, ಜೊತೆಗೆ ಉಪ್ಪೂ ಬರುತ್ತದೆ. ನೀರು ಆರುತ್ತದೆ, ಉಪ್ಪು ಮೇಲೆಯೇ ಉಳಿಯುತ್ತದೆ. ಅದೇ ಸವಳು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆ, ಪಾಕಿಸ್ತಾನದ ಪಂಜಾಬ್, ಉಜ್ಬೇಕಿಸ್ತಾನದ ಹತ್ತಿ ಹೊಲ, ಎಲ್ಲ ಕಡೆಯೂ ಇದೇ ಗೋಳು. ನಿಮಗೆ ಬೇಕಾದ ಅಂತಾರಾಷ್ಟ್ರೀಯ ಕೃಷಿ ಮನೆ ಹಿಂದೆಯೇ ಇದೆ, ಅಲ್ವಾ?

ಈಗ ಕೋರ್ಸ್ ವಿಷಯ. ಆ ಹೆಸರಿನ ಎಷ್ಟೋ ಕೋರ್ಸ್‌ಗಳಲ್ಲಿ ಅರ್ಥಶಾಸ್ತ್ರ, ನೀತಿ, ಅಭಿವೃದ್ಧಿ ಯೋಜನೆಗಳ ಪಾಠವೇ ಜಾಸ್ತಿ. ಸಂಸ್ಥೆಗಳಲ್ಲಿ ಕೆಲಸ ಮಾಡೋರಿಗೆ ಅದು ಸರಿ. ಮಣ್ಣಿಗೇ ಕೈ ಹಾಕಬೇಕೆಂದರೆ ಮಣ್ಣು ವಿಜ್ಞಾನ ಅಥವಾ ನೀರಾವರಿ ವಿಭಾಗವೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಹೆಸರಿಗೆ ಮರುಳಾಗಬೇಡಿ. ಯಾರು ಪಾಠ ಮಾಡುತ್ತಾರೆ, ಹಳೇ ವಿದ್ಯಾರ್ಥಿಗಳ ಥೀಸಿಸ್ ಯಾವುದರ ಮೇಲಿದೆ ನೋಡಿ.

ದುಡ್ಡಿನ ಮಾತು. ಜರ್ಮನಿಯ ಗಾಟಿಂಗೆನ್ ಮತ್ತು ಕಾಸೆಲ್ ವಿವಿಗಳು ಸೇರಿ ಸುಸ್ಥಿರ ಅಂತಾರಾಷ್ಟ್ರೀಯ ಕೃಷಿಯ ಎಂ.ಎಸ್ಸಿ. ನಡೆಸುತ್ತವೆ, ಇಂಗ್ಲಿಷಿನಲ್ಲೇ. ಅಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೆ ಸಣ್ಣ ವಂತಿಗೆ ಮಾತ್ರ. ಅದೇ ದೇಶದ ಹೋಹೆನ್‌ಹೈಮ್‌ನಲ್ಲಿ ಯೂರೋಪಿಯನ್ ಒಕ್ಕೂಟದ ಹೊರಗಿನ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ. ಊಟ, ಬಾಡಿಗೆ ಖರ್ಚು ಬೇರೆ. ಜರ್ಮನಿಗೆ ಎಪಿಎಸ್ ಸರ್ಟಿಫಿಕೇಟ್ (ನಿಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ) ಬೇಕು, ಬೇಗನೇ ಅರ್ಜಿ ಹಾಕಿ. ಅಮೆರಿಕದಲ್ಲಿ ರಿಸರ್ಚ್ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಸಾಮಾನ್ಯವಾಗಿ ಫೀಸು ಮಾಫಿ, ಕೈಗೂ ಒಂದಿಷ್ಟು ಬರುತ್ತದೆ. ಅದಕ್ಕೆ ಪ್ರೊಫೆಸರ್ ಒಪ್ಪಬೇಕು. ‘ರೆಸ್ಪೆಕ್ಟೆಡ್ ಸರ್, ಐ ಆಮ್ ಹಾರ್ಡ್‌ವರ್ಕಿಂಗ್’ ಅಂತ ನೂರು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಯಾರೂ ಓದಲ್ಲ. ನಿಮ್ಮ ಹೊಲದ ಮಣ್ಣಿನ ಇ.ಸಿ. (ಉಪ್ಪಿನಂಶ ತೋರಿಸುವ ವಿದ್ಯುತ್ ವಾಹಕತೆ) ಎಷ್ಟು, ಎಷ್ಟು ಆಳದಲ್ಲಿ ನೀರು ಸಿಗುತ್ತದೆ, ಅದನ್ನು ಬರೆಯಿರಿ. ಇ.ಸಿ. ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಸವಳು ಮಣ್ಣು ಅಂತ ಅವರಿಗೂ ಗೊತ್ತು.

ಹೊಲ ಮಾತ್ರ ಅಡ ಇಡಬೇಡಿ. ಅಭಿವೃದ್ಧಿಗೆ ಸಂಬಂಧಿಸಿದ ಕೋರ್ಸ್‌ಗಳಿಗೆ ಜರ್ಮನಿಯ ಡಿಎಎಡಿ (ವಿದೇಶಿ ವಿದ್ಯಾರ್ಥಿಗಳಿಗೆ ನೆರವು ಕೊಡುವ ಸಂಸ್ಥೆ) ಕೊಡುವ ಸ್ಕಾಲರ್‌ಶಿಪ್‌ಗೆ ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಹಾಗಾಗಿ ಡಿಗ್ರಿ ಮುಗಿಸಿ ಎರಡು ವರ್ಷ ಇಲ್ಲೇ ದುಡಿದರೆ ನಷ್ಟವೇನೂ ಇಲ್ಲ. ಸವಳು ಮಣ್ಣಿನ ಅಖಿಲ ಭಾರತ ಯೋಜನೆಯ ಒಂದು ಕೇಂದ್ರ ಗಂಗಾವತಿಯಲ್ಲೇ ಇದೆ. ಅದನ್ನು ನೋಡಿಕೊಳ್ಳೋದು ಹರಿಯಾಣದ ಕರ್ನಾಲ್‌ನ ಸಂಸ್ಥೆ. ಮೊದಲು ಗಂಗಾವತಿಗೆ ಹೋಗಿ ಬನ್ನಿ, ಮಣ್ಣು ಪರೀಕ್ಷೆಯ ಕಾರ್ಡ್ ಜೊತೆಗಿರಲಿ. ನೆಲದೊಳಗೆ ಪೈಪ್ ಹಾಕಿ ನೀರು ಬಸಿಯೋದು ಹೇಗೆ, ಎಕರೆಗೆ ಎಷ್ಟು ಖರ್ಚಾಗುತ್ತದೆ ಅಂತ ಕೇಳಿ. ಅಪ್ಪನನ್ನೂ ಕರಕೊಂಡು ಹೋಗಿ.