ಲೈಸೆನ್ಸ್ ಸಿಕ್ಕ ವರ್ಷವೇ ಅಷ್ಟು ದೊಡ್ಡ ಎಂಜಿನ್ ಏಕೆ?

ಹೊಸ ಚಾಲಕರಿಗೆ ಅತಿ ಶಕ್ತಿಯ ಕಾರುಗಳನ್ನು ಕೊಡಬಾರದೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದಕ್ಕೆ ಓದುಗರೊಬ್ಬರು ಆಕ್ಷೇಪಿಸಿದ್ದಾರೆ. ಅವರ 19 ವರ್ಷದ ಮಗನಿಗೆ ಲೈಸೆನ್ಸ್ ಬಂದು ಕೆಲವೇ ತಿಂಗಳಾಗಿವೆ. ಅವನು ಮೆಚ್ಚಿರುವುದು 250 ಅಶ್ವಶಕ್ತಿಯ ಕಾರು. “ಆಕ್ಸಿಲರೇಟರ್ ಒತ್ತುವುದು ಕಾಲೇ ಹೊರತು ಎಂಜಿನ್ ಅಲ್ಲ. ಸಣ್ಣ ಕಾರಿನಲ್ಲೂ ಜನ ಸಾಯುತ್ತಾರೆ. ಮಗನಿಗೆ ಸಂಯಮ ಕಲಿಸಿದ್ದೇನೆ, ವಿಶೇಷ ತರಬೇತಿಗೂ ಕಳಿಸುತ್ತೇನೆ. ಕಾರನ್ನೇಕೆ ದೂರಬೇಕು?” ಎಂದು ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಮಾತಿನಲ್ಲಿ ಒಂದಂಶ ನಿಜ. ತೀರ ಸಣ್ಣ, ಹಗುರವಾದ ಕಾರು ಡಿಕ್ಕಿಯಾದಾಗ ಒಳಗಿರುವವರನ್ನು ಅಷ್ಟಾಗಿ ಕಾಪಾಡಲಾರದು; ಕಲಿಯುವ ಹುಡುಗನಿಗೆ ಹಳೆಯ ಡಬ್ಬಾ ಗಾಡಿ ಸಾಕು ಎನ್ನುವವರ ಮಾತನ್ನು ನಾನೂ ಒಪ್ಪುವುದಿಲ್ಲ. ಆದರೆ ಓಡಿಸುವವನ ನಡತೆಗೂ ಕಾರಿಗೂ ಸಂಬಂಧವೇ ಇಲ್ಲವೆಂಬ ವಾದವನ್ನು ನಾನು ಎಷ್ಟು ಮಾತ್ರಕ್ಕೂ ಒಪ್ಪಲಾರೆ.

ನುರಿತ ಚಾಲಕನಿಗೆ ವೇಗ ತಿಳಿಯುವುದು ಸ್ಪೀಡೋಮೀಟರಿನಿಂದ ಮಾತ್ರವಲ್ಲ. ಎಂಜಿನ್ನಿನ ಸದ್ದು, ಸ್ಟೀರಿಂಗಿನ ನಡುಕ, ಪಕ್ಕದಲ್ಲಿ ಸರಿಯುವ ಮರಗಳು ಎಲ್ಲವೂ ಸೇರಿ ಅವನಿಗೆ ಎಚ್ಚರಿಕೆ ಕೊಡುತ್ತವೆ. ಈ ಗ್ರಹಿಕೆ ಬರಲು ವರ್ಷಗಳು ಬೇಕು, ಮತ್ತು ಶಕ್ತಿಶಾಲಿ ಕಾರು ಅಡಗಿಸಿಡುವುದು ಈ ಸೂಚನೆಗಳನ್ನೇ. ಬಂಧುಗಳ ಮಗನೊಬ್ಬ ಹೊಸ ಕಾರು ತೋರಿಸಲು ನನ್ನನ್ನು ಕೂರಿಸಿಕೊಂಡು ಹೊರಟಿದ್ದ. ಲಾರಿಯೊಂದನ್ನು ಓವರ್‌ಟೇಕ್ ಮಾಡಿ ಮತ್ತೆ ಎಡಕ್ಕೆ ಬಂದ ಮೇಲೂ ಅವನ ಕಾಲು ಆಕ್ಸಿಲರೇಟರ್ ಮೇಲೆ ಹಾಗೆಯೇ ಇತ್ತು. ಎಷ್ಟು ವೇಗದಲ್ಲಿದ್ದೇವೆ ಎಂದು ಕೇಳಿದೆ. ಮೀಟರ್ ನೋಡದೆಯೇ “ಎಂಬತ್ತಿರಬಹುದು ಅಂಕಲ್” ಎಂದ. ಮುಳ್ಳು 120 ದಾಟಿತ್ತು. ಅವನು ಒರಟನಲ್ಲ, ಸುಳ್ಳೂ ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ನೀವು ಕಲಿಸಿದ ಸಂಯಮ ಇಂಥ ಹೊತ್ತಿನಲ್ಲಿ ಏನು ಮಾಡೀತು? ತಾನು ಮಿತಿ ಮೀರಿದ್ದೇನೆಂದು ತಿಳಿದವನು ಮಾತ್ರ ತನ್ನನ್ನು ತಡೆದುಕೊಳ್ಳಬಲ್ಲ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದೂವರೆ ಸೆಕೆಂಡು ಕಳೆದರೆ 40 ಮೀಟರಿಗೂ ಹೆಚ್ಚು ರಸ್ತೆ ಹಿಂದೆ ಸರಿದಿರುತ್ತದೆ. ಅದೇ ವೇಗ 140ಕ್ಕೇರಿದರೆ, ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಏಕೆಂದರೆ ಆ ದೂರ ಬೆಳೆಯುವುದು ವೇಗದ ವರ್ಗಕ್ಕೆ, ಅಂದರೆ ವೇಗವನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ, ಅನುಗುಣವಾಗಿ. ಒಳ್ಳೆಯ ಪಿಕಪ್ ಇರುವ ಕಾರು 100ರಿಂದ 140ಕ್ಕೆ ಕೆಲವೇ ಸೆಕೆಂಡುಗಳಲ್ಲಿ ಏರಿಬಿಡುತ್ತದೆ. ವಿದ್ಯುತ್ ಕಾರುಗಳಲ್ಲಂತೂ ಗೇರ್ ಬದಲಿಸುವ ಬಿಡುವೂ ಇಲ್ಲ, ಎಂಜಿನ್ನಿನ ಗದ್ದಲವೂ ಇಲ್ಲ. ಇದಕ್ಕೆ ಹಿಂದಿನ ಸೀಟಿನಲ್ಲಿ ಕುಳಿತು ಹುರಿದುಂಬಿಸುವ ಓರಗೆಯ ಗೆಳೆಯರನ್ನೂ ಸೇರಿಸಿ. ಸಮವಯಸ್ಕರು ಜೊತೆಗಿದ್ದರೆ ಎಳೆಯ ಚಾಲಕರ ಅಪಘಾತದ ಸಂಭವ ಹೆಚ್ಚುತ್ತದೆಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ರಸ್ತೆ ಅಪಘಾತವೇ ಮೊದಲ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವುದನ್ನು ಮರೆತು ಈ ಮಾತನ್ನು ಆಡುವಂತಿಲ್ಲ.

ತರಬೇತಿಯ ಬಗ್ಗೆ ನಿಮಗಿರುವ ಭರವಸೆ ಸಹಜವೇ. ಆದರೂ ನಾರ್ವೆಯ ಅನುಭವವನ್ನು ನೀವು ತಿಳಿಯಬೇಕು. ಅಲ್ಲಿ ಹೊಸ ಚಾಲಕರಿಗೆ ಜಾರುವ ರಸ್ತೆಯಲ್ಲಿ ಕಾರನ್ನು ಹತೋಟಿಗೆ ತರುವುದನ್ನು ಕಲಿಸಿದರು. ಆಮೇಲೆ ಪರಿಶೀಲಿಸಿದಾಗ ತರುಣರ ಅಪಘಾತಗಳು ತಗ್ಗುವ ಬದಲು ಹೆಚ್ಚಿದ್ದು ಕಂಡುಬಂತು. ಕೌಶಲಕ್ಕಿಂತ ಮೊದಲು ಬೆಳೆದದ್ದು ಆತ್ಮವಿಶ್ವಾಸ.

ಕೆಲವು ಸರ್ಕಾರಗಳು ಇದನ್ನು ಮನಗಂಡಿವೆ. ನ್ಯೂಜಿಲೆಂಡ್ 1987ರಲ್ಲೇ ಹಂತಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿ ತಂದಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಹೊಸ ಚಾಲಕರು ತೂಕದ ಪ್ರತಿ ಟನ್ನಿಗೆ 130 ಕಿಲೋವ್ಯಾಟ್ (ಸುಮಾರು 175 ಅಶ್ವಶಕ್ತಿ) ಮೀರಿದ ಶಕ್ತಿಯ ಕಾರನ್ನು ಓಡಿಸುವಂತಿಲ್ಲ. ಇಟಲಿಯಲ್ಲೂ ಲೈಸೆನ್ಸಿನ ಆರಂಭದ ವರ್ಷಗಳಿಗೆ ಶಕ್ತಿಯ ಮಿತಿಯಿದೆ. ಯುರೋಪಿನಲ್ಲಿ ಬೈಕುಗಳಿಗೇ ಶಕ್ತಿಗೆ ತಕ್ಕಂತೆ ಬೇರೆ ಬೇರೆ ದರ್ಜೆಯ ಲೈಸೆನ್ಸ್ ಉಂಟು. ಎರಡು ಚಕ್ರಕ್ಕೆ ಒಪ್ಪುವ ತರ್ಕ ನಾಲ್ಕು ಚಕ್ರಕ್ಕೆ ಏಕೆ ಒಪ್ಪಬಾರದು? ಆದರೆ ಎಷ್ಟೋ ಕಡೆ ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸಲು ಬಂದರೆ ಸಾಕು, ಯಾವ ಶಕ್ತಿಯ ಕಾರನ್ನಾದರೂ ಓಡಿಸುವ ಹಕ್ಕು ಕೈಗೆ ಬರುತ್ತದೆ. ಮಳೆಯಲ್ಲಿ, ಇರುಳಿನಲ್ಲಿ, ಎದುರಿನ ದೀಪ ಕಣ್ಣಿಗೆ ರಾಚುವಾಗ ಹೊಸ ಚಾಲಕ ಏನು ಮಾಡುತ್ತಾನೆಂದು ಯಾರೂ ಪರೀಕ್ಷಿಸುವುದಿಲ್ಲ. ಜಾಹೀರಾತುಗಳೋ ಖಾಲಿ ಘಟ್ಟದ ರಸ್ತೆಯಲ್ಲಿ ಕಾರನ್ನು ಹಾರಿಸಿ, ಇದು ವೃತ್ತಿಪರರು ಓಡಿಸಿದ್ದೆಂದು ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಹಾಕುತ್ತವೆ. ನನಗೆ ಹೆಚ್ಚು ಸಿಟ್ಟು ಬರುವುದು ಹಿರಿಯರ ಮೇಲೆ. ಪಾಸಾದ ಖುಷಿಗೆ, ಹುಟ್ಟುಹಬ್ಬಕ್ಕೆ, ನೆಂಟರೆದುರಿನ ಪ್ರತಿಷ್ಠೆಗೆಂದು ಎಂಜಿನ್ ಉಡುಗೊರೆ ಕೊಡುವವರು ನಾವೇ; ದುರಂತ ನಡೆದ ಮೇಲೆ ಹುಡುಗರ ದುಡುಕು ಎನ್ನುವವರೂ ನಾವೇ. ಗುದ್ದಿಸಿಕೊಂಡ ಪಾದಚಾರಿ ಆ ಕಾರನ್ನು ಆರಿಸಿದವನಲ್ಲ.

ನೀವು ಮಗನ ವಿಚಾರದಲ್ಲಿ ಇಷ್ಟು ಯೋಚಿಸಿ ಪತ್ರ ಬರೆದ ತಂದೆ; ಆದ್ದರಿಂದಲೇ ಇಷ್ಟು ನಿಷ್ಠುರವಾಗಿ ಹೇಳುತ್ತಿದ್ದೇನೆ. ಮಧ್ಯಮ ಗಾತ್ರದ, ಏರ್‌ಬ್ಯಾಗುಗಳೂ ಕಾರು ಜಾರಿ ಹತೋಟಿ ತಪ್ಪದಂತೆ ನೆರವಾಗುವ ಸ್ಟೆಬಿಲಿಟಿ ಕಂಟ್ರೋಲೂ ಇರುವ, ಸಾಧಾರಣ ಶಕ್ತಿಯ ಕಾರು ಕೊಡಿಸಿ. ಮೊದಲ ತಿಂಗಳುಗಳಲ್ಲಿ ಪಕ್ಕದ ಸೀಟಿನಲ್ಲಿ ನೀವೇ ಕುಳಿತುಕೊಳ್ಳಿ, ಮುಖ್ಯವಾಗಿ ಕತ್ತಲಾದ ಮೇಲೆ ಮತ್ತು ಮಳೆ ಬರುವಾಗ. ಗೆಳೆಯರನ್ನು ತುಂಬಿಕೊಂಡು ರಾತ್ರಿ ಹೊರಡುವುದು ಮೊದಲ ವರ್ಷ ಬೇಡ. ಎರಡು ಮೂರು ವರ್ಷ ಹೀಗೆ ಕಳೆದ ಮೇಲೂ ಅವನು ಆ ಕಾರನ್ನೇ ಕೇಳಿದರೆ ಮತ್ತೆ ಬರೆಯಿರಿ. ಆಗ ನನ್ನ ಉತ್ತರ ಬೇರೆ ಇರಬಹುದು.